ಅಪ್ಪನ ದನಿಯ ಕೆಳಗೆ

ಹಾಜಿಮ್,

ಬೇಯಿಸಿದ ಕಾಳಿನ ಫೂಲ್ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ತಿನ್ನು. ಆಸ್ಪತ್ರೆಯಲ್ಲಿ ಇವತ್ತೂ ಎರಡು ಪಾಳಿ. ಕಾಲುಗಳು ಈಗಲೇ ಸೋತಿವೆ.

ಕಂಪ್ಯೂಟರಿಗೆ ನೀನು ಸಿಕ್ಕಿಸಿದ ಅಗ್ಗದ ಹೆಡ್‌ಫೋನ್ ಆಂಪ್ಲಿಫೈಯರನ್ನು ಬೆಂಕಿಪೊಟ್ಟಣ ಅಂತ ಹೀಯಾಳಿಸಿದ್ದೆ. ತಪ್ಪಾಯಿತು. ಅಪ್ಪ ಕುವೈತಿನಿಂದ ಕಾಗದದ ಬದಲು ಕಳಿಸುತ್ತಿದ್ದ ಕ್ಯಾಸೆಟ್ಟುಗಳಲ್ಲಿ ಮೂರನೆಯದನ್ನು ಬೆಳಿಗ್ಗೆ ಅದರಲ್ಲಿ ಕೇಳಿದೆ. ಅಮ್ಮ ಮಾತಾಡಿ ಕಳಿಸಿದ ಕ್ಯಾಸೆಟ್ಟಿನ ಮೇಲೆಯೇ ಅಪ್ಪ ಉತ್ತರ ತುಂಬಿ ಕಳಿಸುತ್ತಿದ್ದರು, ಹಾಗಾಗಿ ಅಮ್ಮನ ದನಿ ಒಂದಿಷ್ಟೂ ಉಳಿದಿಲ್ಲ ಅಂದುಕೊಂಡಿದ್ದೆವಲ್ಲ? ಅಪ್ಪ ಉಸಿರಿಗಾಗಿ ನಿಲ್ಲಿಸುವಲ್ಲಿ ಸದ್ದು ಪೂರ್ತಿ ಏರಿಸು. ಆಗ ಕೇಳುವ ಟೇಪಿನ ಗೊರಗೊರದೊಳಗೆ ಅಮ್ಮ ಇದ್ದಾಳೆ.

"ಹಾಜಿಮ್ ನಿಮ್ ಚಪ್ಲಿ ಹಾಕ್ಕೊಂಡು ಮನೆಯೆಲ್ಲಾ ಓಡಾಡ್ತಾನೆ ಕಣ್ರೀ. ಸಾಕು, ಬಂದ್ಬಿಡಿ."

ಮೊದಲೆರಡು ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಅಲ್ಲಿ ಗೊರಗೊರವನ್ನು ಪೂರ್ತಿ ಅಳಿಸಿದೆ ಅಂತ ನೀನು ಹಿಗ್ಗಿದ್ದೆ. ಇನ್ನು ಯಾವುದನ್ನೂ ಅಳಿಸಬೇಡ, ನಿನಗೆ ಕೈ ಮುಗಿಯುತ್ತೇನೆ. ಅಳಿಸದ ಗೊರಗೊರ ಇನ್ನೂ ಉಳಿದಿರುವ ಆ ಎರಡು ಮೂಲ ಕ್ಯಾಸೆಟ್ಟುಗಳನ್ನು ನಿನ್ನೆ ಹಳೇ ಸಾಮಾನಿನವನ ಗಾಡಿಗೆ ಹಾಕಿದೆಯಂತೆ, ಮಹಾರಾಯ. ಹತ್ತು ಗಂಟೆಗೆ ಅವನು ಮತ್ತೆ ನಮ್ಮ ಬೀದಿಯಲ್ಲಿ ಕೂಗುತ್ತ ಬರುತ್ತಾನೆ.

ಫೂಲ್ ತಣ್ಣಗಾದರೆ ಆಗಲಿ. ಯಾರ ಚಪ್ಪಲಿ ಸಿಕ್ಕರೆ ಅದನ್ನು ಮೆಟ್ಟಿಕೊಂಡು ಓಡು.

ನಜ್ಲಾ