ಅಟ್ಟದ ಮೇಲಿನ ದಾಸ್ತಾನು

ಅರಸೀಕೆರೆ, 10-12-1975, ಬುಧವಾರ

ಇಷ್ಟು ಹೊತ್ತಾದರೂ ಸಿಟ್ಟು ಇಳಿದಿಲ್ಲ. ಬೆಳಿಗ್ಗೆ ಆಹಾರ ಇಲಾಖೆಯ ಸಾಹೇಬರು ಬಂದು ನಮ್ಮ ಅಟ್ಟ ಹತ್ತಿ, "ತಿಂಗಳುಗಟ್ಟಲೆ ತೆಂಗಿನಕಾಯಿ ಬಚ್ಚಿಟ್ಟಿದ್ದೀರಿ, ಇದು ಅಕ್ರಮ ದಾಸ್ತಾನು" ಎಂದರು. ಕಾಯಿ ಅಟ್ಟದ ಮೇಲೆ ವರ್ಷ ಕೂತರೇ ಕೊಬ್ಬರಿಯಾಗುವುದು! ಕುಲುಕಿದಾಗ ಒಣಗಿದ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟು ಒಳಗೆ ಲೊಡಲೊಡ ಅನ್ನುವವರೆಗೆ ನಮ್ಮಪ್ಪನೂ ಒಡೆಸುತ್ತಿರಲಿಲ್ಲ.

"ಸ್ವಾಮಿ, ಯುಗಾದಿ ಕಳೀಲಿ, ಇನ್ನೂ ಒಣಗಿಲ್ಲ" ಎಂದೆ.

"ಕಾನೂನು ನಿಮ್ಮ ಯುಗಾದಿಗೆ ಕಾಯುತ್ತೇನ್ರೀ? ಒಡೆಸಿ."

ಈ ಮನುಷ್ಯ ಹೊಯ್ಸಳರ ಕಾಲದಲ್ಲಿದ್ದಿದ್ದರೆ ಹಳೇಬೀಡಿನ ಶಿಲ್ಪಿಗಳ ಮೇಲೂ ಕಲ್ಲು ದಾಸ್ತಾನಿನ ಕೇಸು ಹಾಕಿ, ಗುಡಿಯ ಬದಲು ಜಲ್ಲಿ ಮಾಡಿಸುತ್ತಿದ್ದ.

ಒಡೆಸಿದೆ. ಅರ್ಧಂಬರ್ಧ ಹಸಿ, ಚಿಪ್ಪಿಗೇ ಅಂಟಿಕೊಂಡಿತ್ತು. ಸಾಹೇಬರು ಒಂದು ಚೂರು ಬಾಯಿಗೆ ಹಾಕಿಕೊಂಡು, "ನೋಡಿ, ಬಚ್ಚಿಟ್ಟಿದ್ದಕ್ಕೇ ಹಾಳಾಗಿದೆ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಶಾಂತಾದೇವಿ ಬಾಗಿಲ ಹಿಂದಿನಿಂದ, "ಸುಮ್ಕಿರಿ, ಈಗ ಎಮರ್ಜೆನ್ಸಿ, ಮಾತಾಡಿದೋರ್ನೆಲ್ಲ ಒಳಗಾಕ್ತಾವ್ರೆ" ಎಂದು ಪಿಸುಗುಟ್ಟಿದಳು. ಸುಮ್ಮನಾದೆ.

ಅವರು ಹೋದ ಮೇಲೆ, ಉಳಿದಿದ್ದ ಒಂದು ಕಾಯಿ ಎತ್ತಿಕೊಂಡು ಅಭ್ಯಾಸಬಲದಿಂದ ಕುಲುಕಿದೆ. ಸದ್ದೇ ಇಲ್ಲ. ಅದೂ ನನ್ನ ಹಾಗೆಯೇ, ಚಿಪ್ಪಿಗೆ ಅಂಟಿಕೊಂಡು...