ಪಂಪು ಕೆಟ್ಟಿರಲಿಲ್ಲ

ಲೆಲ್ಯಾಂಡ್,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆದು, ಹೊಡೆದುಹಾಕಿ, ಬೇರೆ ಹಾಳೆ ತೆಗೆದುಕೊಂಡಿದ್ದೇನೆ. ನಿನ್ನ ಸಲುವಾಗಿ ಒಂದು ಹಾಳೆ ದಂಡವಾಯಿತು. ನಿನ್ನ ಸಲುವಾಗಿ ದಂಡವಾದವುಗಳಲ್ಲಿ ಅದು ತೀರ ಚಿಕ್ಕದು.

ನಾನೀಗ ಕೂತಿರುವುದು ನೆವಾಡಾದಲ್ಲಿ, ಮಾವಿಸ್ ನೋಡಬೇಕೆಂದಿದ್ದ ಉಪ್ಪುನೀರಿನ ಸರೋವರದ ಪಕ್ಕ, ನೀನು ಕೋಳಿಗೂಡಿಗೆ ಆದೀತು ಎಂದಿದ್ದ ಕ್ಯಾಂಪರಿನೊಳಗೆ. ಬಂದು ಮೂರು ದಿನವಾಯಿತು. ನಿನಗೆ ಮುಖ ಕೊಟ್ಟು ಹೇಳಲಾಗದ್ದನ್ನು ಬರೆದು ಮುಗಿಸಿಬಿಡುತ್ತೇನೆ. ಆಮೇಲೆ ನಾವಿಬ್ಬರೂ ಮಾತನಾಡಬೇಕಾದ ಅಗತ್ಯ ಬೀಳುವುದಿಲ್ಲ.

ನಿನ್ನ ಹೆಂಡತಿ, ನನ್ನ ತಂಗಿ ಮಾವಿಸ್‌ಳನ್ನು ಮಣ್ಣು ಮಾಡಿದ ದಿನದಿಂದಲೇ ಶುರುಮಾಡುತ್ತೇನೆ. ಫೆಬ್ರವರಿ. ಸಾಮನ್ ಊರಿನಲ್ಲಿ ನದಿಯ ಅಂಚು ಹೆಪ್ಪುಗಟ್ಟಿತ್ತು. ಚರ್ಚಿನ ಊಟದ ಕೋಣೆಯಲ್ಲಿ ತಟ್ಟೆ ತುಂಬ ಹ್ಯಾಮು, ಆಲೂಗಡ್ಡೆ ಬಡಿಸಿಕೊಂಡು ನೀನು ಬಂದವರಿಗೆಲ್ಲ ಹೇಳುತ್ತಿದ್ದೆ: “ಮಾವಿಸ್‌ಗೆ ಮನೆ ಒಂದಿದ್ರೆ ಸಾಕಿತ್ತು. ಊರು ಸುತ್ತೋದು ಅಂದ್ರೆ ಅವಳಿಗೆ ಆಗ್ತಾನೇ ಇರ್ಲಿಲ್ಲ.” ನನ್ನ ಕೈಯಲ್ಲಿ ಬಿಸಿ ಕಾಫಿ ಇತ್ತು. ಅದನ್ನು ನಿನ್ನ ಅಂಗಿಯ ಮೇಲೆ ಸುರಿಯದೆ ಇದ್ದದ್ದು ಆ ದಿನ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ.

ಊರು ಸುತ್ತುವುದು ಆಗದವಳು ಇಪ್ಪತ್ತೊಂದು ವರ್ಷ ಏನು ಮಾಡಿದಳು, ಹೇಳಲೇ? ಕುರಿ ಸಾಕುತ್ತಿದ್ದವನ ವಿಧವೆಯ ಹತ್ತಿರ ನೀವು ಆ ಹಳೆಯ ಕ್ಯಾಂಪರ್ ಕೊಂಡಾಗ ಮಾವಿಸ್ ನನಗೆ ಫೋನಿನಲ್ಲಿ ಕೂಗಿಕೊಂಡಿದ್ದು ಇನ್ನೂ ಕಿವಿಯಲ್ಲಿದೆ. “ಓಪಲ್, ಪಿಕಪ್ ಬೆನ್ನ ಮೇಲೆ ಇಡೀ ಮನೆ ಕಣೇ! ಓಡಿಸುವಾಗ ಛಾವಣಿ ಆಮೆ ಥರ ಕೆಳಗೆ ಕೂತಿರುತ್ತೆ, ನಿಲ್ಲಿಸಿ ಪಂಪು ಹೊಡೆದ್ರೆ ಮೇಲೆ ಬರುತ್ತೆ. ಒಲೆ ಇದೆ, ಹಾಸಿಗೆ ಇದೆ, ಪರದೆ ನಾನು ಹೊಲೀತೀನಿ.” ಹೊಲಿದಳು ಕೂಡ, ಹಳದಿ ಬಟ್ಟೆಯಲ್ಲಿ. ದನದ ಮೇವಿನ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನಿಂದ ಈ ಸರೋವರದ ಚಿತ್ರ ಕತ್ತರಿಸಿ ಒಲೆಯ ಮೇಲಿನ ಕಪಾಟಿನ ಬಾಗಿಲಿಗೆ ಅಂಟಿಸಿದಳು. ನೀವು ಹೊರಟಿರಿ. ಎರಡನೆಯ ದಿನವೇ ಹಿಂದೆ ಬಂದಿರಿ. “ಪಂಪು ಹೋಯ್ತು” ಎಂದೆ ನೀನು. “ಆ ಕಾಲದ ಮಾಲು, ಬಿಡಿಭಾಗ ಈಗ ಎಲ್ಲೂ ಸಿಗಲ್ಲ.”

ನಾನು ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು, ಅವನ್ನು ರಿಪೇರಿ ಮಾಡಿದವಳು. ಒಮ್ಮೆ ನೋಡುತ್ತೇನೆ ಎಂದೆ. ನೀನು ಹೇಗೆ ನಕ್ಕೆ ಗೊತ್ತೇ? “ಬಸ್ಸಿನ ಟೈರು ಬದಲಾಯಿಸಿದಂಗಲ್ಲ ಓಪಲ್ ಇದು.” ಮಾವಿಸ್ ಕೂಡ ಕಣ್ಣು ತಪ್ಪಿಸಿ, “ಬಿಡೆ, ನನಗೂ ಅಷ್ಟೇನೂ ಆಸೆ ಇಲ್ಲ” ಎಂದಳು. ನಾನು ಬಿಟ್ಟೆ.

ಆದರೆ ಪ್ರತಿ ವಸಂತದಲ್ಲೂ ಅವಳು ಆ ತಗ್ಗಿದ ಗೂಡಿನೊಳಗೆ ನುಗ್ಗುತ್ತಿದ್ದಳು. ಛಾವಣಿ ಇಳಿದಿದ್ದರೆ ಒಳಗೆ ನಿಲ್ಲಲು ಆಗುವುದಿಲ್ಲ, ಸೊಂಟ ಎರಡಾಗಿ ಮಡಚಬೇಕು. ಹಾಗೆ ಬಾಗಿಕೊಂಡೇ ನೆಲ ಒರೆಸುತ್ತಿದ್ದಳು. ಪರದೆ ಒಗೆದು ಮತ್ತೆ ಹಾಕುತ್ತಿದ್ದಳು. ಕಾಫಿ ಡಬ್ಬ, ಬೀನ್ಸ್ ಡಬ್ಬ, ಪ್ಯಾನ್‌ಕೇಕಿನ ಹಿಟ್ಟು ಜೋಡಿಸಿಡುತ್ತಿದ್ದಳು. ಹಿಮ ಬೀಳುವ ಮೊದಲು ಎಲ್ಲವನ್ನೂ ತೆಗೆದು ಅಡುಗೆಮನೆಗೆ ತರುತ್ತಿದ್ದಳು. ಇಪ್ಪತ್ತೊಂದು ಸಲ. ನೀನು ಆಗ ಎಲ್ಲಿರುತ್ತಿದ್ದೆ? ಮುಖ್ಯಬೀದಿಯ ಕಾಫಿ ಅಂಗಡಿಯಲ್ಲಿ, ದಾರಿಹೋಕರ ನಕ್ಷೆಯ ಮೇಲೆ ಬೆರಳಿಟ್ಟು, ಯಾವ ಘಾಟಿಯನ್ನು ಯಾವ ಗೇರಿನಲ್ಲಿ ಇಳಿಯಬೇಕು ಎಂದು ಪಾಠ ಹೇಳುತ್ತಿದ್ದೆ! ಎಷ್ಟೋ ಮಂದಿ ನಿನ್ನ ಮಾತು ನಂಬಿ ಸುಖವಾಗಿ ಊರು ಮುಟ್ಟಿರಬೇಕು. ನಿನ್ನ ಮನೆಯಾಕೆಯೊಬ್ಬಳನ್ನು ಬಿಟ್ಟು.

ಏಪ್ರಿಲ್‌ನಲ್ಲಿ ನೀನು ಫೋನ್ ಮಾಡಿದೆ. “ಅಂಗಳ ಖಾಲಿ ಮಾಡ್ಬೇಕು. ಆ ಕ್ಯಾಂಪರ್‌ನ ಯಾರಾದ್ರೂ ಕೋಳಿಗೂಡಿಗೆ ತಗೊಂಡು ಹೋದ್ರೆ ಹೋಗ್ಲಿ, ಇಲ್ಲಾಂದ್ರೆ ಒಡೆಸಿ ಹಾಕ್ತೀನಿ.” ಮಾರನೆಯ ಬೆಳಿಗ್ಗೆಯೇ ನನ್ನ ಪಿಕಪ್ ತಂದೆ. ಜ್ಯಾಕ್ ಹಾಕಿ ಏರಿಸುವಾಗ ನೀನು ಜೇಬಿನಲ್ಲಿ ಕೈಯಿಟ್ಟು ನಿಂತು, “ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ” ಎನ್ನುತ್ತಿದ್ದೆ. ನಿನ್ನ ಜೀವಮಾನದ ಸೇವೆ ಅದೇ ಇರಬೇಕು.

ರಿಪೇರಿಗೆ ಎರಡು ತಿಂಗಳು ಹಿಡಿಯಿತು. ಹಿಂದಿನ ಎಡಮೂಲೆಯ ನೆಲ ಒದ್ದೆ ಬ್ರೆಡ್ಡಿನಂತೆ ಬೆರಳಿಗೆ ಬಂತು. ಅಷ್ಟನ್ನೂ ಕೊಯ್ದು ಹೊಸ ಪ್ಲೈವುಡ್ ಕೂರಿಸಿದೆ. ಗೋಡೆಯೊಳಗೆ ಇಲಿಗಳು ತಲೆಮಾರುಗಳಿಂದ ಸಂಸಾರ ಮಾಡಿದ್ದವು, ವೈರು ತಿಂದು ಹಾಕಿದ್ದವು. ಕಿಟಕಿಯ ರಬ್ಬರು ಮುಟ್ಟಿದರೆ ಪುಡಿಯಾಗುತ್ತಿತ್ತು. ಮೇಲಿನ ಅರ್ಧ ಕೆಳಗಿನ ಅರ್ಧದ ಮೇಲೆ ಜಾರುವ ಕಡೆ ಸುತ್ತಲೂ ಹೊಸ ಪಟ್ಟಿ ಹಾಕಲು ಒಂದು ವಾರ ಮಂಡಿಯೂರಿದೆ. ಅರವತ್ತೆಂಟರ ಮಂಡಿಗೆ ಅದು ಹೇಗಾಗುತ್ತದೆಂದು ನಿನಗೆ ಹೇಳಿ ಪ್ರಯೋಜನವಿಲ್ಲ, ನೀನು ಯಾವುದಕ್ಕೂ ಮಂಡಿಯೂರಿದವನಲ್ಲ.

ಪಂಪನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದೇ ಅಲ್ಲವೇ ದೊಡ್ಡ ರೋಗ! ಬಿಚ್ಚಿದೆ. ಒಳಗೆ ತುಕ್ಕಿಲ್ಲ. ವಾಷರು ಸವೆದಿಲ್ಲ. ಕೊಳವೆಗಳಲ್ಲಿ ಬಿರುಕಿಲ್ಲ. ಛಾವಣಿಯನ್ನು ಎತ್ತುವ ಎಣ್ಣೆಯ ತೊಟ್ಟಿ ಮಾತ್ರ ಒಣಗಿದೆ. ಸೋರಿ ಖಾಲಿಯಾಗಿದ್ದರೆ ಕೆಳಗಿನ ಮರದ ಮೇಲೆ ಕರಿಕಲೆ ಇರಬೇಕಿತ್ತು, ಒಂದು ಚುಕ್ಕೆಯೂ ಇರಲಿಲ್ಲ. ತೊಟ್ಟಿಯ ಕೆಳಗಿನ ಬಿರಡೆಗೆ ಬಿಳಿ ಟೇಪು ಸುತ್ತಿ, ಅಚ್ಚುಕಟ್ಟಾಗಿ ಬಿಗಿಯಲಾಗಿತ್ತು. ಯಾರೋ ಎಣ್ಣೆಯನ್ನು ಬೇಕೆಂದೇ ಇಳಿಸಿ, ಮತ್ತೆ ಮುಚ್ಚಿಟ್ಟಿದ್ದರು. ನಾನು ಹೊಸ ಎಣ್ಣೆ ತುಂಬಿ ಹಿಡಿ ಹೊಡೆದೆ. ಮೂವತ್ತನೆಯ ಹೊಡೆತಕ್ಕೆ ಛಾವಣಿ ನರಳಿತು, ಅಲುಗಿತು, ನಾಲ್ಕು ಮೂಲೆಯಲ್ಲೂ ಸಮನಾಗಿ ಮೇಲೆದ್ದಿತು. ಒಳಗೆ ಹೋಗಿ ನೆಟ್ಟಗೆ ನಿಂತೆ. ನನ್ನ ತಂಗಿ ಆ ಮೊದಲ ರಾತ್ರಿಯ ನಂತರ ಅಲ್ಲಿ ಒಮ್ಮೆಯೂ ನೆಟ್ಟಗೆ ನಿಂತಿರಲಿಲ್ಲ.

ಅಂದೇ ನಿನ್ನ ಮನೆಗೆ ಬಂದೆ. ಜಗಲಿಯಲ್ಲಿ ಕೂತು ಮೀನಿನ ಗಾಳದ ರಾಟೆಗೆ ಎಣ್ಣೆ ಹಾಕುತ್ತಿದ್ದೆ ನೀನು.

“ಪಂಪು ಕೆಟ್ಟಿರಲಿಲ್ಲ” ಎಂದೆ ನಾನು.

“ಓ, ಹೌದಾ? ನಿನ್ನ ಅದೃಷ್ಟ ನೋಡು.”

“ಎಣ್ಣೆ ಇಳಿಸಿದ್ದು ಯಾರು, ಲೆಲ್ಯಾಂಡ್?”

ನೀನು ರಾಟೆ ತಿರುಗಿಸುತ್ತಲೇ ಇದ್ದೆ. ಆಮೇಲೆ ನನ್ನ ಮುಖ ನೋಡದೆ ಹೇಳಿದೆ: “ಅವತ್ತು ಹೋಗುವಾಗ ಗಲೀನಾ ಘಾಟಿಯ ಇಳಿಜಾರಲ್ಲಿ ಕೈ ಸ್ಟೀರಿಂಗ್ ಮೇಲೆ ಬಿಗಿದುಕೊಂಡುಬಿಡ್ತು. ಉಸಿರು ಬರ್ಲಿಲ್ಲ. ಹಿಂದೆ ಲಾರಿಯವನು ಹಾರ್ನ್ ಹೊಡೀತಾನೇ ಇದ್ದ. ಸತ್ತೇ ಹೋದೆ ಅಂದ್ಕೊಂಡೆ. ಅಲ್ಲಿಂದಲೇ ಗಾಡಿ ಹಿಂದಕ್ಕೆ ತಿರುಗಿಸಿದೆ.”

“ಮಾವಿಸ್ ಓಡಿಸಬಹುದಿತ್ತಲ್ಲ?”

“ಓಡಿಸ್ತೀನಿ ಅಂದ್ಲು. ಹೆಂಡತಿ ಓಡಿಸಿಕೊಂಡು ಬಂದ್ಲು, ಇವನು ಪಕ್ಕದಲ್ಲಿ ಕೂತಿದ್ದ ಅಂತ ಮಿಲ್ಲಿನಲ್ಲಿ ಆಡಿಕೊಳ್ಳಲ್ವಾ?”

ಹದಿನಾರನೆಯ ವಯಸ್ಸಿಗೆ ನಮ್ಮಪ್ಪನ ಹುಲ್ಲಿನ ಲಾರಿಯನ್ನು ಒಬ್ಬಳೇ ಬೆಟ್ಟ ಇಳಿಸುತ್ತಿದ್ದವಳು ಮಾವಿಸ್. ನೀನು ದುಡಿಯುತ್ತಿದ್ದ ಮಿಲ್ಲಿನ ನಾಲ್ಕು ಬಾಯಿಗಳಿಗೆ ಹೆದರಿ ನೀನು ಅವಳನ್ನು ಇಪ್ಪತ್ತೊಂದು ವರ್ಷ ಅಂಗಳದಲ್ಲಿ ಕೂಡಿಹಾಕಿದೆ. ನಾನು ಅಷ್ಟಕ್ಕೇ ಎದ್ದು ಹೋಗುತ್ತಿದ್ದೆ. ಆದರೆ ನೀನು, ಯಾವುದೋ ಉಪಕಾರ ಮಾಡುವವನಂತೆ, ಇನ್ನೊಂದು ಮಾತು ಸೇರಿಸಿದೆ. “ನಾನೊಬ್ಬನೇ ಮಾಡಿದ್ದಲ್ಲ. ಎಣ್ಣೆ ಇಳಿಸುವಾಗ ಡಬ್ಬ ಹಿಡಿದುಕೊಂಡಿದ್ದೇ ಅವಳು. ಊರವರಿಗೆ ಪಂಪು ಹೋಯ್ತು ಅಂತ ಹೇಳಿದ್ರಾಯ್ತು ಬಿಡಿ ಅಂತ ಅವಳೇ ಅಂದ್ಲು.”

ಇದನ್ನು ನಾನು ನಂಬುತ್ತೇನೆ, ಅದೇ ಕಷ್ಟ. ನಿನ್ನ ಮಾನ ಕಾಪಾಡಲು ತನ್ನ ಆಸೆಯನ್ನೇ ಡಬ್ಬಕ್ಕೆ ಇಳಿಸಿಕೊಂಡು ಹಿಡಿದು ನಿಂತವಳು ಅವಳೇ ಇರಬೇಕು. ಅವಳು ಹಿಡಿದಳು ಸರಿ. ಹಿಡಿಯಲು ಬಿಟ್ಟೆಯಲ್ಲ! ಮಾರನೆಯ ವರ್ಷ, ಅದರ ಮಾರನೆಯ ವರ್ಷ, ಅವಳು ಬಾಗಿಕೊಂಡು ಪರದೆ ಹಾಕುವುದನ್ನು ಕಿಟಕಿಯಿಂದ ನೋಡುತ್ತಾ, ಇವತ್ತು ಎಣ್ಣೆ ತುಂಬೋಣ ಎಂದು ಒಂದು ದಿನವೂ ನಿನಗೆ ಅನ್ನಿಸಲಿಲ್ಲವಲ್ಲ!

ಜೂನ್‌ನಲ್ಲಿ ನಾನು ಹೊರಟ ಬೆಳಿಗ್ಗೆ ನೀನು ಸಣ್ಣ ಪೆಟ್ಟಿಗೆ ಹಿಡಿದು, ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಗೇಟಿನ ಹತ್ತಿರ ನಿಂತಿದ್ದೆ.

“ನಾನೂ ಬರ್ತೀನಿ. ಹೆಂಗೂ ನೀನೇ ಓಡಿಸ್ತೀಯಲ್ಲ.”

“ಈಗ ಹೆಂಗಸಿನ ಪಕ್ಕ ಕೂತ್ರೆ ಯಾರೂ ಆಡಿಕೊಳ್ಳಲ್ವಾ?”

“ಮಿಲ್ಲಿನವರು ಯಾರಿದ್ದಾರೆ ಈಗ? ಎಲ್ಲ ಸತ್ತು ಹೋದ್ರು” ಎಂದೆ ನೀನು. ಅದೊಂದು ಸಮರ್ಥನೆ ಎಂಬಂತೆ! ನಾನು ಎಂಜಿನ್ ಶುರು ಮಾಡಿದೆ. ಆಗ ನೀನು ಕಿಟಕಿಗೆ ಬಗ್ಗಿ ಹೇಳಿದೆ: “ನಿನ್ನ ಹತ್ರಾನೂ ಗಾಡಿ ಇತ್ತು ಓಪಲ್. ಒಂದು ದಿನ ಬಾರೇ ಅಂತ ಕರೆದಿದ್ಯಾ ನಿನ್ನ ತಂಗೀನ?”

ಉತ್ತರ ಕೊಡದೆ ಗಾಡಿ ಬಿಟ್ಟೆ. ಈಗ ಕೊಡುತ್ತೇನೆ. ಇಲ್ಲ, ಕರೆಯಲಿಲ್ಲ. “ಅಷ್ಟೇನೂ ಆಸೆ ಇಲ್ಲ” ಎಂದು ಅವಳು ಒಮ್ಮೆ ಹೇಳಿದ್ದೇ ನನಗೆ ಅನುಕೂಲವಾಯಿತು. ನನ್ನ ಬಸ್ಸುಗಳಿದ್ದವು, ನನ್ನ ಭಾನುವಾರಗಳಿದ್ದವು. ಇದನ್ನು ನಿನ್ನ ಮೇಲೆ ಹೊರಿಸುವುದಿಲ್ಲ. ನಿನ್ನನ್ನು ನೋಡಿದಾಗ ಬರುವ ಅಸಹ್ಯದಲ್ಲಿ ನನ್ನ ಪಾಲೂ ಇದೆ. ಹಾಗಾಗಿಯೇ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ಆಗಲಿಲ್ಲ.

ಗಲೀನಾ ಘಾಟಿಯ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ನೋಡಿದೆ. ನಿಜ ಹೇಳುತ್ತೇನೆ, ಆ ಇಳಿಜಾರು ಹೆದರಿಸುವಂಥದ್ದೇ. ಬೆನ್ನ ಮೇಲೆ ಅಷ್ಟು ಭಾರ ಹೊತ್ತ ಪಿಕಪ್ಪು ತಿರುವಿನಲ್ಲಿ ಒಂದು ಕಡೆ ವಾಲುತ್ತದೆ. ನೀನು ಹೆದರಿದ್ದಕ್ಕೆ ನಾನು ನಿನ್ನನ್ನು ಕೀಳಾಗಿ ನೋಡುತ್ತಿಲ್ಲ. ಹೆದರಿದವನು ಕೀಲಿಕೈ ಕೊಟ್ಟು ಆಚೆ ಕಡೆಯ ಸೀಟಿಗೆ ಹೋಗಿ ಕೂತರೆ ಮುಗಿಯಿತು. ಈ ಸೀಟಿನಿಂದ ಆ ಸೀಟಿಗೆ ಮೂರು ಅಡಿ. ಅದನ್ನು ದಾಟದವನು ನೀನು.

ಇನ್ನು ಈ ಸರೋವರದ ವಿಷಯ. ಕ್ಯಾಲೆಂಡರಿನ ಚಿತ್ರದಲ್ಲಿದ್ದ ಬಿಳಿ ಹಕ್ಕಿಗಳು ಇವೆ, ಆದರೆ ಬಹಳ ದೂರದಲ್ಲಿ, ಹದಿನೇಳೇ ಹದಿನೇಳು. ದಂಡೆಯ ಕೆಸರು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಜ್ಜೆಯಿಟ್ಟರೆ ನೊಣಗಳು ಕಪ್ಪು ಹೊಗೆಯ ಹಾಗೆ ಏಳುತ್ತವೆ. ಮಧ್ಯಾಹ್ನದ ಗಾಳಿ ಉಪ್ಪಿನ ಧೂಳನ್ನು ಕಣ್ಣಿಗೆ, ಕಾಫಿಗೆ, ಹಾಸಿಗೆಗೆ ತುಂಬುತ್ತದೆ. ಆ ಚಿತ್ರ ತೆಗೆದವನು ಎಲ್ಲಿ ನಿಂತು ತೆಗೆದನೋ ದೇವರೇ ಬಲ್ಲ. ಮಾವಿಸ್ ಇದ್ದಿದ್ದರೆ ಹತ್ತೇ ನಿಮಿಷಕ್ಕೆ ಮೂಗಿಗೆ ಕರವಸ್ತ್ರ ಹಿಡಿದು, “ಅಯ್ಯೋ ಓಪಲ್, ಇದಕ್ಕಾ ನಾವು ಇಷ್ಟು ದೂರ ಬಂದಿದ್ದು? ಛಾವಣಿ ಇಳಿಸು, ನಡಿ ಹೋಗೋಣ” ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ದಾರಿಯುದ್ದಕ್ಕೂ ಅದನ್ನೇ ಹೇಳಿ ಹೇಳಿ ನಗುತ್ತಿದ್ದಳು.

ನೋಡುವಂಥ ಜಾಗವೇ ಅಲ್ಲ ಇದು, ಲೆಲ್ಯಾಂಡ್. ಆದರೆ ಆ ಮಾತನ್ನು ಹೇಳಬೇಕಾಗಿದ್ದವಳು ಅವಳು.

ದೇವರು ನಿನಗೆ ಗಟ್ಟಿ ಆರೋಗ್ಯ ಕೊಡಲಿ, ಬಹಳ ವರ್ಷ ಬಾಳು. ನೀನು ಯೋಚಿಸಬೇಕಾದ್ದು ಬೇಕಾದಷ್ಟಿದೆ.

ಮಾವಿಸ್‌ಳ ಅಕ್ಕ,
ಓಪಲ್