ಎಲ್ರಾಯ್ ಹೊಡೆದ ಜಿಂಕೆಯ ತೊಗಲು

ನವೆಂಬರ್ 29, ಶನಿವಾರ, ರಾತ್ರಿ

ಎಲ್ರಾಯ್ ಹೊಡೆದ ಜಿಂಕೆಯ ಕೂದಲು ಇವತ್ತು ಹಿಡಿಹಿಡಿಯಾಗಿ ಕಿತ್ತು ಬಂತು. ಟಬ್ಬಿನ ಉಪ್ಪು-ಹುಳಿ ನೀರಿನಿಂದ ತೊಗಲೆತ್ತಿ ಕತ್ತಿನ ಮೇಲೆ ಹೆಬ್ಬೆರಳು ಆಡಿಸಿದೆ, ಅಷ್ಟೇ. ಗೋಡೆಗೆ ತೂಗುಹಾಕುವ ಜಿಂಕೆ ತಲೆಗಳನ್ನು ಮಾಡಿಕೊಡುವುದೇ ನನ್ನ ಕಸುಬು; ನಾನು ಹದ ಮಾಡಿದ್ದರಲ್ಲಿ ತಪ್ಪಿಲ್ಲ. ಜಿಂಕೆ ಹೊಡೆದ ಸಂಜೆಯೇ ಅವನು ಸತ್ತ. ಮಣ್ಣಿಗೆ ಬಂದವರೆಲ್ಲ ನೋಡಲೆಂದು ಅವನ ತಮ್ಮಂದಿರು ಅದನ್ನು ಅಂಗಳದ ಮೇಪಲ್ ಮರಕ್ಕೆ ತೂಗುಹಾಕಿದರು. ಆ ವಾರ ಚಳಿಯೇ ಇರಲಿಲ್ಲ. ಉಪ್ಪು ಕಾಣುವ ಮೊದಲೇ ತೊಗಲು ಕೊಳೆಯತೊಡಗಿತ್ತು. ಗೌರವ ಕೊಡಲು ಹೋಗಿ ಕೆಡಿಸಿದರು. ಇಂಥದ್ದಕ್ಕೆ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಒಂದು ಪದ ಹೇಳಿಕೊಟ್ಟಿದ್ದರು, ಐರನಿಯೋ, ಇನ್ನೊಂದೋ.

ಸಂಜೆ ಎಲ್ರಾಯ್‌ನ ಹೆಂಡತಿ ಟ್ವೈಲಾ ಫೋನು ಮಾಡಿದಳು. ಆ ಜಿಂಕೆಯನ್ನೇ ಗಂಡ ಅಂತ ಕರೆಯುವುದು ಅವಳ ತಮಾಷೆ.

"ಏನಪ್ಪಾ ಆರಿನ್, ನಮ್ಮ ಯಜಮಾನ್ರು ಇನ್ನೂ ನಿನ್ ಟಬ್ಬಲ್ಲೇ ಬಿದ್ಕೊಂಡಿದಾರಾ?"

"ಹೂಂ, ನೆನೀತಾ ಇದಾರೆ."

"ಬದುಕಿದ್ದಾಗ ಸ್ನಾನ ಅಂದ್ರೆ ಓಡ್ತಿದ್ದ, ನೋಡು." ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಗೋಡೆಗೆ ಮೊಳೆ ಹೊಡ್ಸಿದೀನಿ ಕಣೋ. ಕ್ರಿಸ್‌ಮಸ್‌ಗೆ ಮುಂಚೆ ಕೊಡು. ಬರೀ ಗೋಡೆ ನೋಡಕ್ಕಾಗಲ್ಲ ನಂಗೆ."

ಆಗಲಿ ಅಂದುಬಿಟ್ಟೆ.

ತಲೆಯ ಅಚ್ಚಿಗೆ ಬೇರೆ ತೊಗಲು ಹೊದಿಸಿ ಎಲ್ರಾಯ್‌ನ ಜಿಂಕೆಯ ಕೊಂಬು ಕೂರಿಸಿದರೆ ಅವಳಿಗೆ ತಿಳಿಯದು. ಫ್ರೀಜರಿನಲ್ಲಿರುವುದು ಒಂದೇ ತೊಗಲು, ನನ್ನ ಹೆಂಡತಿ ಆರ್ಲಿಸ್ ತನ್ನ ಕೊನೆಯ ಚಳಿಗಾಲದಲ್ಲಿ ಹೊಡೆದ ಜಿಂಕೆಯದು. ಸುತ್ತಿದ ಕಾಗದದ ಮೇಲೆ ಅವಳೇ ಬರೆದಿದ್ದಳು: "ನನ್ನದು, ಮುಟ್ಟಬೇಡ." ಅವಳು ಹೋದ ಮೇಲೂ ಮುಟ್ಟಿರಲಿಲ್ಲ.

ಈಗ ಅದು ಸಿಂಕಿನಲ್ಲಿದೆ. ಮಂಜು ಕರಗಿ ತೊಟ್ಟಿಕ್ಕುವುದು ಇಲ್ಲಿಗೂ ಕೇಳುತ್ತಿದೆ. ಕಾಗದವನ್ನು ಮಾತ್ರ ಬಿಡಿಸಿ ಒಲೆಯ ಪಕ್ಕ ಒಣಹಾಕಿದ್ದೇನೆ. ಶಾಯಿ ಹರಡದೆ ಉಳಿದರೆ ಅವಳ ಕೈಬರಹವಾದರೂ ನನ್ನ ಬಳಿ ಇರುತ್ತದೆ.